ಹಳೆಯ ಕಂಪ್ಯೂಟರಿನಲ್ಲಿ ನೆಟ್‌ವರ್ಕ್ ಕಾರ್ಡ್ ಡ್ರೈವರ್ ಕೂರುತ್ತಿಲ್ಲವೇ? ಹಂತ ಹಂತವಾಗಿ ಸರಿಪಡಿಸುವ ಕ್ರಮ

ಹಳೆಯ ಕಂಪ್ಯೂಟರಿಗೆ ವಿಂಡೋಸ್ ಹೊಸದಾಗಿ ಹಾಕಿದ ಮೇಲೆ ಬರುವ ತೊಂದರೆ ಇದು: ಇಂಟರ್ನೆಟ್ ಬರಲು ಡ್ರೈವರ್ (ಕಾರ್ಡನ್ನು ವಿಂಡೋಸ್ ಬಳಸುವಂತೆ ಮಾಡುವ ತಂತ್ರಾಂಶ) ಬೇಕು, ಡ್ರೈವರ್ ತರಲು ಇಂಟರ್ನೆಟ್ ಬೇಕು. ಹೇಗೋ ಒಂದು ಡ್ರೈವರ್ ತಂದರೂ ಅದು ಕೂರುವುದಿಲ್ಲ. ಆಗ ಮತ್ತೊಂದು, ಮಗದೊಂದು ತಂದು ಒಂದರ ಮೇಲೊಂದು ಹಾಕುತ್ತಾ ಹೋಗುತ್ತಾರೆ. ಪರಿಸ್ಥಿತಿ ಇನ್ನಷ್ಟು ಕೆಡುತ್ತದೆ. ಹೆಚ್ಚಿನವರು ಸೋಲುವುದು ಡ್ರೈವರ್ ಹಾಕುವಾಗ ಅಲ್ಲ, ಅದಕ್ಕೂ ಮೊದಲೇ. ಕಾರ್ಡ್ ಯಾವುದೆಂದು ಖಚಿತವಾಗದೆ ಡೌನ್‌ಲೋಡ್‌ಗೆ ಕೈ ಹಾಕುತ್ತಾರೆ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಬೇರೆ ಹಂತಕ್ಕೆ ಹೋಗಿ ಎಂದು ಇಲ್ಲೇ ಹೇಳಿರುವ ಕಡೆ ಬಿಟ್ಟು, ನಡುವೆ ಒಂದನ್ನು ಬಿಟ್ಟರೆ ಮುಂದಿನ ಹಂತದ ಫಲಿತಾಂಶವನ್ನು ನಂಬುವಂತಿಲ್ಲ.

ಇಲ್ಲಿನ ವಿವರಗಳು ಮುಖ್ಯವಾಗಿ ವಿಂಡೋಸ್ ಎಕ್ಸ್‌ಪಿ, ವಿಸ್ಟಾ ಮತ್ತು 7ಕ್ಕೆ ಅನ್ವಯಿಸುತ್ತವೆ. ವಿಂಡೋಸ್ 10ರಲ್ಲೂ ಕ್ರಮ ಇದೇ.

ಮೊದಲು ಹೊಂದಿಸಿಕೊಳ್ಳಬೇಕಾದವು

ಇಂಟರ್ನೆಟ್ ಇರುವ ಇನ್ನೊಂದು ಕಂಪ್ಯೂಟರ್, ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವ್, ಬೇರೆ ಕಂಪ್ಯೂಟರಿನಲ್ಲಿ ಕೆಲಸ ಮಾಡುತ್ತಿದೆಯೆಂದು ಖಾತ್ರಿಯಿರುವ ನೆಟ್‌ವರ್ಕ್ ಕೇಬಲ್, ಸ್ಟಾರ್ ಸ್ಕ್ರೂಡ್ರೈವರ್, ಬಿಳಿ ರಬ್ಬರ್, ಒಂದು ಹೊಸ ಸಿಆರ್2032 ಸೆಲ್. ಫೈಲ್ ಬಿಚ್ಚಲು ಸೆವೆನ್‌ಜಿಪ್ ಬೇಕು. ಸಾಧ್ಯವಿದ್ದರೆ ಲಿನಕ್ಸ್ ಲೈವ್ ಪೆನ್‌ಡ್ರೈವ್ (ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವ್‌ನಿಂದಲೇ ಲಿನಕ್ಸ್ ಓಡಿಸುವಂಥದ್ದು) ಒಂದನ್ನೂ ಮಾಡಿಟ್ಟುಕೊಳ್ಳಿ. ಕಾರ್ಡ್ ಸತ್ತಿದೆಯೋ ಬದುಕಿದೆಯೋ ಎಂಬ ವಾದವನ್ನು ಅದು ಐದು ನಿಮಿಷದಲ್ಲಿ ಮುಗಿಸುತ್ತದೆ.

ಡೌನ್‌ಲೋಡ್ ಕೆಲಸವನ್ನು ಇನ್ನೊಂದು ಕಂಪ್ಯೂಟರಿನಲ್ಲೇ ಮಾಡಿ. ಹಳೆಯ ವಿಂಡೋಸ್‌ನ ಹಳೆಯ ಬ್ರೌಸರ್‌ನಲ್ಲಿ ಇಂದಿನ ಸುರಕ್ಷಿತ ಪುಟಗಳು ತೆರೆಯುವುದೇ ಕಷ್ಟ. ವಿಂಡೋಸ್ 7 ಅಥವಾ ಅದರ ನಂತರದ್ದಾದರೆ ಆಂಡ್ರಾಯ್ಡ್ ಫೋನನ್ನು ಕೇಬಲ್‌ನಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದರೆ ತಾತ್ಕಾಲಿಕ ಇಂಟರ್ನೆಟ್ ಸಿಗುವ ಸಂಭವ ಹೆಚ್ಚು. ಎಕ್ಸ್‌ಪಿಯಲ್ಲಿ ಅದಕ್ಕೂ ಬೇರೆ ಡ್ರೈವರ್ ಬೇಕಾಗುತ್ತದೆ, ಹಾಗಾಗಿ ಅದನ್ನು ನೆಚ್ಚಿಕೊಳ್ಳಬೇಡಿ.

ಹಂತ 1: ತೊಂದರೆ ಡ್ರೈವರ್‌ನದ್ದೇ ಹೌದೇ?

ಮೈ ಕಂಪ್ಯೂಟರ್ ಮೇಲೆ ರೈಟ್ ಕ್ಲಿಕ್ ಮಾಡಿ, ಮ್ಯಾನೇಜ್ ಒತ್ತಿ, ಎಡಗಡೆ ಡಿವೈಸ್ ಮ್ಯಾನೇಜರ್ ತೆರೆಯಿರಿ. ಇಲ್ಲಿ ಏನು ಕಾಣುತ್ತದೆ ಎಂಬುದರ ಮೇಲೆ ಮುಂದಿನ ದಾರಿ.

- ಅದರ್ ಡಿವೈಸಸ್ ಅಡಿಯಲ್ಲಿ ಈಥರ್ನೆಟ್ ಕಂಟ್ರೋಲರ್ ಎಂದು ಹಳದಿ ಗುರುತಿನೊಂದಿಗೆ ಇದ್ದರೆ: ಕಾರ್ಡ್ ಸಿಕ್ಕಿದೆ, ಡ್ರೈವರ್ ಇಲ್ಲ. ಹಂತ 3ಕ್ಕೆ ಹೋಗಿ.
- ನೆಟ್‌ವರ್ಕ್ ಅಡಾಪ್ಟರ್ಸ್ ಅಡಿಯಲ್ಲಿ ಹೆಸರಿದ್ದು ಹಳದಿ ಗುರುತು ಇದ್ದರೆ: ಡ್ರೈವರ್ ಇದೆ, ಓಡುತ್ತಿಲ್ಲ. ಮೊದಲು ಹಂತ 3, ಆಮೇಲೆ ಹಂತ 7.
- ಕೆಳಮುಖ ಬಾಣ, ಅಥವಾ ಎಕ್ಸ್‌ಪಿಯಲ್ಲಿ ಕೆಂಪು ಅಡ್ಡಗುರುತು ಇದ್ದರೆ: ಯಾರೋ ಡಿಸೇಬಲ್ ಮಾಡಿದ್ದಾರೆ. ರೈಟ್ ಕ್ಲಿಕ್ ಮಾಡಿ ಎನೇಬಲ್ ಒತ್ತಿ.
- ಹೆಸರಿದೆ, ಗುರುತೇನೂ ಇಲ್ಲ ಎಂದರೆ: ಡ್ರೈವರ್ ಸರಿಯಿದೆ. ಮತ್ತೆ ಡ್ರೈವರ್ ಹಾಕಬೇಡಿ, ನೇರ ಹಂತ 8ಕ್ಕೆ ಹೋಗಿ.
- ಏನೂ ಕಾಣದಿದ್ದರೆ: ಯಾವ ಡ್ರೈವರ್ ತಂದರೂ ಪ್ರಯೋಜನವಿಲ್ಲ. ಹಂತ 2.

ಇಲ್ಲಿ ಜನ ಮೋಸ ಹೋಗುವುದು ಎರಡು ಕಡೆ. ಎಕ್ಸ್‌ಪಿಯಲ್ಲಿ 1394 ನೆಟ್ ಅಡಾಪ್ಟರ್ ಎಂಬ ಹೆಸರು ಕಂಡು ಅದೇ ನೆಟ್‌ವರ್ಕ್ ಕಾರ್ಡ್ ಎಂದುಕೊಳ್ಳುತ್ತಾರೆ. ಅದು ಫೈರ್‌ವೈರ್ ಪೋರ್ಟಿನದ್ದು. ನಿಮ್ಮ ಕೇಬಲ್‌ಗೂ ಅದಕ್ಕೂ ಸಂಬಂಧವಿಲ್ಲ. ಎರಡನೆಯದು ಪೋರ್ಟಿನ ಪಕ್ಕದ ಪುಟ್ಟ ದೀಪ. ಬಹುತೇಕ ಕಾರ್ಡ್‌ಗಳಲ್ಲಿ ಡ್ರೈವರ್ ಇಲ್ಲದಿದ್ದರೂ ಆ ದೀಪ ಉರಿಯುತ್ತದೆ. ಉರಿದರೆ ಕಾರ್ಡಿಗೆ ವಿದ್ಯುತ್ ಮತ್ತು ಕೇಬಲ್ ಸಂಪರ್ಕ ಇದೆ ಎಂದಷ್ಟೇ ತಿಳಿಯಬೇಕು.

ಹಂತ 2: ಕಾರ್ಡ್ ಕಾಣಿಸದಿದ್ದರೆ

ಕಾರ್ಡ್ ಮದರ್‌ಬೋರ್ಡ್‌ನಲ್ಲೇ ಇರುವಂಥದ್ದಾದರೆ ಮೊದಲು ಬಯೋಸ್, ಅಂದರೆ ವಿಂಡೋಸ್ ಶುರುವಾಗುವ ಮೊದಲೇ ತೆರೆಯುವ ಮದರ್‌ಬೋರ್ಡ್ ಸೆಟ್ಟಿಂಗ್ ಪರದೆ ನೋಡಿ. ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಡಿಲೀಟ್ ಅಥವಾ ಎಫ್2 ಒತ್ತಿ, ಇಂಟಿಗ್ರೇಟೆಡ್ ಪೆರಿಫೆರಲ್ಸ್ ಅಥವಾ ಅಡ್ವಾನ್ಸ್ಡ್ ಮೆನುವಿನಲ್ಲಿ ಆನ್‌ಬೋರ್ಡ್ ಲ್ಯಾನ್ (ಬೋರ್ಡ್‌ನಲ್ಲೇ ಇರುವ ನೆಟ್‌ವರ್ಕ್ ಕಾರ್ಡಿಗೆ ಅಲ್ಲಿನ ಹೆಸರು) ಎನೇಬಲ್ ಆಗಿದೆಯೇ ಪರೀಕ್ಷಿಸಿ. ಅದರ ಪಕ್ಕದಲ್ಲೇ ಲ್ಯಾನ್ ಬೂಟ್ ರಾಮ್ ಅಥವಾ ಆಪ್ಷನ್ ರಾಮ್ ಎಂಬ ಇನ್ನೊಂದು ಸಾಲು ಇರುತ್ತದೆ. ಅದು ನೆಟ್‌ವರ್ಕ್‌ನಿಂದ ಬೂಟ್ ಆಗಲು ಮಾತ್ರ. ಅದನ್ನು ಆನ್ ಮಾಡಿ ಲ್ಯಾನ್ ಆನ್ ಮಾಡಿದೆವು ಎಂದುಕೊಳ್ಳುವವರು ಬಹಳ.

ಬಯೋಸ್‌ನಲ್ಲಿದ್ದಾಗಲೇ ದಿನಾಂಕ ನೋಡಿ. ಹಲವು ವರ್ಷ ಹಿಂದಿನದ್ದು ತೋರಿಸುತ್ತಿದ್ದರೆ ಮದರ್‌ಬೋರ್ಡ್‌ನ ಸಿಆರ್2032 ಸೆಲ್ ಮುಗಿದಿದೆ. ಅದು 3 ವೋಲ್ಟ್‌ನ ಸೆಲ್. ಸೆಲ್ ಸತ್ತರೆ ಬಯೋಸ್ ಸೆಟ್ಟಿಂಗ್ ಪ್ರತಿ ಸಲ ಅಳಿದುಹೋಗಬಹುದು. ತಪ್ಪು ದಿನಾಂಕದಿಂದ ಡ್ರೈವರ್‌ನ ಡಿಜಿಟಲ್ ಸಹಿ ಪರೀಕ್ಷೆಯೂ ಸುರಕ್ಷಿತ ವೆಬ್ ಪುಟಗಳೂ ಕೈಕೊಡುತ್ತವೆ. ಸೆಲ್ ಬದಲಿಸಿ, ದಿನಾಂಕ ಸರಿಪಡಿಸಿ, ಆಮೇಲೆ ಮುಂದುವರಿಯಿರಿ.

ಬೇರೆಯಾಗಿ ಸಿಕ್ಕಿಸಿದ ಕಾರ್ಡ್ ಆಗಿದ್ದರೆ ಕಂಪ್ಯೂಟರ್ ಆಫ್ ಮಾಡಿ, ವಿದ್ಯುತ್ ತಂತಿಯನ್ನು ಕಿತ್ತು, ಪವರ್ ಬಟನ್ನನ್ನು ಹತ್ತು ಸೆಕೆಂಡ್ ಒತ್ತಿಹಿಡಿಯಿರಿ. ಆಫ್ ಮಾಡಿದ ಮೇಲೂ ಸ್ಲಾಟ್‌ಗೆ ಸ್ಟ್ಯಾಂಡ್‌ಬೈ ವಿದ್ಯುತ್ ಬರುತ್ತಿರುತ್ತದೆ, ಹಾಗಾಗಿ ತಂತಿ ಕೀಳದೆ ಕಾರ್ಡ್ ಮುಟ್ಟಬೇಡಿ. ಕ್ಯಾಬಿನೆಟ್‌ನ ಬರಿಯ ಲೋಹವನ್ನು ಒಮ್ಮೆ ಮುಟ್ಟಿ ಮೈಯ ಸ್ಥಾಯೀ ವಿದ್ಯುತ್ ಹೋಗಲು ಬಿಡಿ. ಕಾರ್ಡನ್ನು ನೇರವಾಗಿ ಮೇಲಕ್ಕೆ ಎಳೆದು, ಅಂಚಿನ ಚಿನ್ನದ ಬಣ್ಣದ ಪಟ್ಟಿಗಳನ್ನು ರಬ್ಬರಿನಿಂದ ಹಗುರವಾಗಿ ಉಜ್ಜಿ ಪುಡಿಯನ್ನು ಪೂರ್ತಿ ಕೊಡವಿ. ಮಸುಕಾಗಿದ್ದ ಪಟ್ಟಿ ಹೊಳಪು ಬಂದರೆ ಸಾಕು.

ಮತ್ತೆ ಸಿಕ್ಕಿಸುವಾಗ ಬೇರೆ ಸ್ಲಾಟ್ ಆರಿಸಿ. ಹಳೆಯ ಬೋರ್ಡ್‌ಗಳಲ್ಲಿ ಗ್ರಾಫಿಕ್ಸ್ ಕಾರ್ಡ್ ಪಕ್ಕದ ಪಿಸಿಐ ಸ್ಲಾಟ್ ಅದರ ಜೊತೆ ಐಆರ್‌ಕ್ಯೂ (ಪ್ರೊಸೆಸರ್‌ನ ಗಮನ ಸೆಳೆಯುವ ಸಂಕೇತದ ಸಾಲು) ಹಂಚಿಕೊಳ್ಳುವುದು ಸಾಮಾನ್ಯ. ಸ್ಕ್ರೂ ಬಿಗಿ ಮಾಡಿದ ಮೇಲೆ ಕಾರ್ಡಿನ ಹಿಂಭಾಗ ಸ್ಲಾಟ್‌ನಿಂದ ಸ್ವಲ್ಪ ಮೇಲೆದ್ದಿದೆಯೇ ಎಂದು ಬಗ್ಗಿ ನೋಡಿ. ಕ್ಯಾಬಿನೆಟ್ ವಾಲಿದ್ದರೆ ಸ್ಕ್ರೂ ಬಿಗಿಯುವಾಗಲೇ ಕಾರ್ಡ್ ಓರೆಯಾಗಿ ಸಂಪರ್ಕ ತಪ್ಪುತ್ತದೆ.

ಹಂತ 3: ಕಾರ್ಡಿನ ಗುರುತಿನ ಸಂಖ್ಯೆ ಬರೆದುಕೊಳ್ಳಿ

ಇಡೀ ಕೆಲಸದ ಜೀವಾಳ ಇದು. ಪೆಟ್ಟಿಗೆಯ ಮೇಲಿನ ಹೆಸರು, ಕಾರ್ಡಿಗೆ ಅಂಟಿಸಿದ ಚೀಟಿ, ಮಾರಿದವರ ಮಾತು, ಯಾವುದನ್ನೂ ನಂಬಬೇಡಿ. ಒಂದೇ ಮಾಡೆಲ್ ಹೆಸರಿನಲ್ಲಿ ಬೇರೆ ಬೇರೆ ಚಿಪ್ ಹಾಕಿದ ಕಾರ್ಡ್‌ಗಳು ಬಂದಿವೆ. ಡ್ರೈವರ್ ಬೇಕಿರುವುದು ಚಿಪ್‌ಗೆ.

ಡಿವೈಸ್ ಮ್ಯಾನೇಜರ್‌ನಲ್ಲಿ ಆ ಸಾಲಿನ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಡೀಟೇಲ್ಸ್ ಟ್ಯಾಬ್. ಪಟ್ಟಿಯಲ್ಲಿ ಹಾರ್ಡ್‌ವೇರ್ ಐಡಿಸ್ ಆರಿಸಿ. ಎಕ್ಸ್‌ಪಿಯಲ್ಲಿ ಡಿವೈಸ್ ಇನ್‌ಸ್ಟೆನ್ಸ್ ಐಡಿ ಎಂಬುದರಲ್ಲೂ ಇದೇ ಮಾಹಿತಿ ಇದೆ. ಅಲ್ಲಿ ವೆನ್ ಎಂದಾದ ಮೇಲೆ ನಾಲ್ಕು ಅಂಕಿ-ಅಕ್ಷರ, ಡೆವ್ ಎಂದಾದ ಮೇಲೆ ನಾಲ್ಕು, ಕೊನೆಯಲ್ಲಿ ರೆವ್ ಎಂದಾದ ಮೇಲೆ ಎರಡು ಕಾಣುತ್ತವೆ. ವೆನ್ ಎಂದರೆ ಚಿಪ್ ತಯಾರಕರು, ಡೆವ್ ಎಂದರೆ ಚಿಪ್, ರೆವ್ ಎಂದರೆ ಆ ಚಿಪ್‌ನ ಪರಿಷ್ಕರಣೆ. ಮೂರನ್ನೂ ಕಾಗದದ ಮೇಲೆ ಬರೆದುಕೊಳ್ಳಿ. ಸೊನ್ನೆಯ ಜಾಗದಲ್ಲಿ ಓ ಅಕ್ಷರ ಬರೆಯಬೇಡಿ. ಈ ಸಂಖ್ಯೆಗಳಲ್ಲಿ ಎ ಯಿಂದ ಎಫ್ ವರೆಗಿನ ಅಕ್ಷರಗಳು ಮಾತ್ರ ಬರುತ್ತವೆ.

ಹಳೆಯ ಕಂಪ್ಯೂಟರ್‌ಗಳಲ್ಲಿ ಪದೇ ಪದೇ ಸಿಗುವವು ಇವು: ವೆನ್ 10ಇಸಿ ಎಂದರೆ ರಿಯಲ್‌ಟೆಕ್, 8086 ಇಂಟೆಲ್, 14ಇ4 ಬ್ರಾಡ್‌ಕಾಮ್, 1106 ವಿಐಎ, 1039 ಸಿಸ್, 10ಬಿ7 ತ್ರೀಕಾಮ್, 11ಎಬಿ ಮಾರ್ವೆಲ್, 10ಡಿಇ ಎನ್‌ವಿಡಿಯಾ. 10ಇಸಿ ಜೊತೆ ಡೆವ್ 8139 ಇದ್ದರೆ ಅದು ಬಹಳ ಹಳೆಯ 100 ಮೆಗಾಬಿಟ್ ಪಿಸಿಐ ಚಿಪ್, ಎಕ್ಸ್‌ಪಿಯೊಳಗೇ ಅದರ ಡ್ರೈವರ್ ಇದೆ. ಡೆವ್ 8169 ಪಿಸಿಐ ಗಿಗಾಬಿಟ್. ಡೆವ್ 8168 ಪಿಸಿಐ ಎಕ್ಸ್‌ಪ್ರೆಸ್ ಗಿಗಾಬಿಟ್. ಎಕ್ಸ್‌ಪಿಗೆ ಇದರ ಡ್ರೈವರನ್ನು ಹೊರಗಿನಿಂದಲೇ ತರಬೇಕು. ಅಂಕಿ ಒಂದೇ ವ್ಯತ್ಯಾಸ ಎಂದು 8169ರ ಡ್ರೈವರನ್ನು 8168ಕ್ಕೆ ಹಾಕಲು ಹೋದರೆ ವಿಂಡೋಸ್ ಒಪ್ಪುವುದಿಲ್ಲ.

8168ರ ವಿಷಯದಲ್ಲಿ ರೆವ್ ಸಂಖ್ಯೆಯನ್ನು ಕಡೆಗಣಿಸಬೇಡಿ. ಈ ಒಂದೇ ಡೆವ್ ಸಂಖ್ಯೆಯ ಅಡಿಯಲ್ಲಿ ಹಲವು ಪರಿಷ್ಕರಣೆಗಳು ಬಂದಿವೆ. ಹಳೆಯ ಡ್ರೈವರ್ ಹೊಸ ಪರಿಷ್ಕರಣೆಯ ಚಿಪ್ ಮೇಲೆ ಸಲೀಸಾಗಿ ಇನ್‌ಸ್ಟಾಲ್ ಆಗಿಬಿಡುತ್ತದೆ, ಆದರೆ ಶುರುವಾಗುವುದಿಲ್ಲ. ಕೋಡ್ 10 ಎಂಬ ಎರರ್ (ಹಂತ 7 ನೋಡಿ) ತೋರಿಸಿ ನಿಂತುಬಿಡುತ್ತದೆ.

ಯುಎಸ್‌ಬಿ ಅಡಾಪ್ಟರ್ ಆಗಿದ್ದರೆ ವೆನ್, ಡೆವ್ ಬದಲು ವಿಡ್ ಮತ್ತು ಪಿಡ್ ಇರುತ್ತವೆ. ಕ್ರಮ ಬದಲಾಗದು.

ಹಂತ 4: ಸರಿಯಾದ ಡ್ರೈವರ್ ಆರಿಸಿ, ತರುವ ಮೊದಲೇ ಪರೀಕ್ಷಿಸಿ

ವಿಂಡೋಸ್ 32 ಬಿಟ್ಟೋ 64 ಬಿಟ್ಟೋ ಎಂದು ಮೈ ಕಂಪ್ಯೂಟರ್ ಪ್ರಾಪರ್ಟೀಸ್‌ನಲ್ಲಿ ನೋಡಿ. ಪ್ರೊಸೆಸರ್ 64 ಬಿಟ್ ಆಗಿದ್ದು ವಿಂಡೋಸ್ 32 ಬಿಟ್ ಇರಬಹುದು. ಲೆಕ್ಕಕ್ಕೆ ಬರುವುದು ವಿಂಡೋಸ್ ಮಾತ್ರ. ಸರ್ವಿಸ್ ಪ್ಯಾಕ್ ಎಷ್ಟನೆಯದೆಂದೂ ಬರೆದುಕೊಳ್ಳಿ. ಎಕ್ಸ್‌ಪಿಗೆ 3, ವಿಂಡೋಸ್ 7ಕ್ಕೆ 1 ಇಲ್ಲದಿದ್ದರೆ ಮೊದಲು ಅದನ್ನು ಹಾಕಿ.

ಹುಡುಕುವ ಕ್ರಮ ಹೀಗಿರಲಿ: ಮೊದಲು ಕಂಪ್ಯೂಟರ್ ಅಥವಾ ಮದರ್‌ಬೋರ್ಡ್ ತಯಾರಕರ ಸಪೋರ್ಟ್ ಪುಟ, ಅಲ್ಲಿಲ್ಲದಿದ್ದರೆ ಚಿಪ್ ತಯಾರಕರ ಪುಟ, ಅಲ್ಲೂ ಇಲ್ಲದಿದ್ದರೆ ಮೈಕ್ರೋಸಾಫ್ಟ್ ಅಪ್‌ಡೇಟ್ ಕ್ಯಾಟಲಾಗ್. ಕ್ಯಾಟಲಾಗ್‌ನಲ್ಲಿ ವೆನ್ ಮತ್ತು ಡೆವ್ ಸಂಖ್ಯೆ ಹಾಕಿಯೇ ಹುಡುಕಬಹುದು. ಅಲ್ಲಿ ಸಿಗುವ ಕ್ಯಾಬ್ ಫೈಲನ್ನು ಸೆವೆನ್‌ಜಿಪ್‌ನಿಂದ ಬಿಚ್ಚಬೇಕು. ಎಲ್ಲ ಡ್ರೈವರ್ ತಾನೇ ಹುಡುಕಿ ಹಾಕುತ್ತೇನೆ ಎನ್ನುವ ಪುಕ್ಕಟೆ ಅಪ್‌ಡೇಟರ್‌ಗಳ ಸಹವಾಸ ಬೇಡವೇ ಬೇಡ. ನಿಮಗೆ ಬೇಕಿರುವುದು ಒಂದು ಫೈಲ್. ಅವು ಜಾಹೀರಾತು ತಂತ್ರಾಂಶಗಳನ್ನು ಜೊತೆಗೆ ತುಂಬುವುದಲ್ಲದೆ ಸರಿಯಿದ್ದ ಚಿಪ್‌ಸೆಟ್ ಡ್ರೈವರನ್ನೂ ಬದಲಿಸಿಬಿಡುತ್ತವೆ.

ಡ್ರೈವರ್ ಇಳಿಸಿಕೊಂಡ ಕೂಡಲೇ ಆ ಕಂಪ್ಯೂಟರಿನಲ್ಲೇ ಬಿಚ್ಚಿ. ಸೆಟಪ್ ಫೈಲ್ ಒಂದೇ ಇದ್ದರೂ ಸೆವೆನ್‌ಜಿಪ್ ಸಾಮಾನ್ಯವಾಗಿ ಅದನ್ನು ಬಿಚ್ಚುತ್ತದೆ. ಒಳಗೆ ಐಎನ್‌ಎಫ್ (ಇನ್‌ಸ್ಟಾಲ್ ಸೂಚನೆಗಳು), ಸಿಸ್ (ಡ್ರೈವರ್), ಕ್ಯಾಟ್ (ಡಿಜಿಟಲ್ ಸಹಿ) ಎಂಬ ಮೂರು ಬಗೆಯ ಫೈಲ್‌ಗಳು ಒಂದೇ ಫೋಲ್ಡರ್‌ನಲ್ಲಿರಬೇಕು. ಐಎನ್‌ಎಫ್ ಫೈಲ್ ಬರೀ ಪಠ್ಯ. ನೋಟ್‌ಪ್ಯಾಡ್‌ನಲ್ಲಿ ತೆರೆದು, ಬರೆದುಕೊಂಡ ಡೆವ್ ಸಂಖ್ಯೆಯನ್ನು ಹುಡುಕಿ. ವೆನ್ ಸಂಖ್ಯೆಯೂ ಅದೇ ಸಾಲಿನಲ್ಲಿರಬೇಕು. ಸಿಗಲಿಲ್ಲವೆಂದರೆ ಆ ಡ್ರೈವರ್ ನಿಮ್ಮ ಕಾರ್ಡಿಗಲ್ಲ, ಪುಟದಲ್ಲಿ ಏನೇ ಬರೆದಿರಲಿ. ಈ ಒಂದು ನಿಮಿಷದ ಪರೀಕ್ಷೆ ಮಾಡದೆ ಪೆನ್‌ಡ್ರೈವ್ ಹಿಡಿದು ಎರಡು ಕಂಪ್ಯೂಟರ್‌ಗಳ ನಡುವೆ ಸುಮ್ಮನೆ ಓಡಾಡುವವರೇ ಹೆಚ್ಚು.

ಅದೇ ಫೈಲಿನಲ್ಲಿ ಮ್ಯಾನುಫ್ಯಾಕ್ಚರರ್ ಎಂಬ ವಿಭಾಗವನ್ನೂ ನೋಡಿ. ಅಲ್ಲಿ ಎನ್‌ಟಿಎಕ್ಸ್86 ಎಂದಿದ್ದರೆ 32 ಬಿಟ್ಟಿಗೆ, ಎನ್‌ಟಿಎಎಂಡಿ64 ಎಂದಿದ್ದರೆ 64 ಬಿಟ್ಟಿಗೆ. ಎಎಂಡಿ ಎಂಬ ಹೆಸರು ಕಂಡು ಇಂಟೆಲ್ ಪ್ರೊಸೆಸರ್‌ಗೆ ಆಗದು ಎಂದು ಬಿಟ್ಟುಬಿಡಬೇಡಿ. 64 ಬಿಟ್ ವಿಂಡೋಸ್‌ಗೆಲ್ಲ ಅದೇ ಹೆಸರು. ಅದರ ಮುಂದೆ ಬರುವ ಅಂಕಿ ವಿಂಡೋಸ್ ಆವೃತ್ತಿ: 5.1 ಎಕ್ಸ್‌ಪಿ, 6.0 ವಿಸ್ಟಾ, 6.1 ವಿಂಡೋಸ್ 7, 6.2 ವಿಂಡೋಸ್ 8, 10.0 ವಿಂಡೋಸ್ 10. ಈ ಅಂಕಿ ಕನಿಷ್ಠ ಆವೃತ್ತಿಯನ್ನು ಹೇಳುತ್ತದೆ. ವಿಸ್ಟಾ ಡ್ರೈವರ್ ವಿಂಡೋಸ್ 7ರಲ್ಲಿ ಸಾಮಾನ್ಯವಾಗಿ ನಡೆಯುತ್ತದೆ, ವಿಂಡೋಸ್ 7ರದ್ದು ಎಕ್ಸ್‌ಪಿಯಲ್ಲಿ ನಡೆಯದು.

ಐಎನ್‌ಎಫ್ ಫೈಲಿನಲ್ಲಿ ನಿಮ್ಮ ಸಂಖ್ಯೆಯನ್ನು ನೀವೇ ಸೇರಿಸಿ ಮೋಸ ಮಾಡುವ ಉಪಾಯವನ್ನು ಕೆಲವರು ಹೇಳಿಕೊಡುತ್ತಾರೆ. ಒಂದಕ್ಷರ ತಿದ್ದಿದರೂ ಕ್ಯಾಟ್ ಫೈಲಿನ ಸಹಿ ತಾಳೆಯಾಗುವುದಿಲ್ಲ; 64 ಬಿಟ್ ವಿಂಡೋಸ್‌ನಲ್ಲಿ ಅದು ತಂಟೆಗೇ ದಾರಿ.

ಹಂತ 5: ಹಳೆಯ ಪ್ರಯತ್ನಗಳ ಕಸ ತೆಗೆಯಿರಿ

ಮೊದಲು ಒಂದು ರೀಸ್ಟೋರ್ ಪಾಯಿಂಟ್ (ಕೆಟ್ಟರೆ ವಿಂಡೋಸನ್ನು ಹಿಂದಿನ ಸ್ಥಿತಿಗೆ ತರುವ ಗುರುತು) ಮಾಡಿ. ಆಮೇಲೆ ಡಿವೈಸ್ ಮ್ಯಾನೇಜರ್‌ನಲ್ಲಿ ಕಾರ್ಡನ್ನು ಅನ್‌ಇನ್‌ಸ್ಟಾಲ್ ಮಾಡಿ. ವಿಂಡೋಸ್ 7ರಲ್ಲಿ ಡ್ರೈವರ್ ಸಾಫ್ಟ್‌ವೇರನ್ನೂ ಅಳಿಸು ಎಂಬ ಚೌಕ ಬಂದರೆ ಗುರುತು ಹಾಕಿ. ಗುರುತು ಹಾಕದಿದ್ದರೆ ರೀಸ್ಟಾರ್ಟ್ ಆದ ಕೂಡಲೇ ಅದೇ ಕೆಟ್ಟ ಡ್ರೈವರ್ ತಾನಾಗಿ ವಾಪಸ್ ಬಂದು ಕೂರುತ್ತದೆ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಹಿಂದೆ ಹಾಕಿದ ಲ್ಯಾನ್ ಡ್ರೈವರ್ ಹೆಸರುಗಳಿದ್ದರೆ ಅವನ್ನೂ ತೆಗೆಯಿರಿ.

ಎಕ್ಸ್‌ಪಿಯಲ್ಲಿ ಆ ಚೌಕ ಇಲ್ಲ. ವಿಂಡೋಸ್ ಫೋಲ್ಡರ್ ಒಳಗೆ ಅಡಗಿರುವ ಐಎನ್‌ಎಫ್ ಫೋಲ್ಡರ್‌ನಲ್ಲಿ ಓಇಎಂ ಎಂಬ ಹೆಸರಿನ ಮುಂದೆ ಅಂಕಿ ಇರುವ ಫೈಲ್‌ಗಳನ್ನು ಒಂದೊಂದಾಗಿ ತೆರೆದು ನೋಡಿ, ನಿಮ್ಮ ನೆಟ್‌ವರ್ಕ್ ಕಾರ್ಡಿನದ್ದನ್ನು ಮಾತ್ರ ಬೇರೆಡೆಗೆ ಸರಿಸಿ. ಅದೇ ಹೆಸರಿನ ಪಿಎನ್‌ಎಫ್ ಫೈಲನ್ನೂ ಜೊತೆಗೆ ಸರಿಸಬೇಕು. ತೆರೆದು ನೋಡದೆ ಎಲ್ಲ ಅಳಿಸಿದರೆ ಧ್ವನಿ, ಗ್ರಾಫಿಕ್ಸ್ ಕಾರ್ಡ್‌ಗಳ ಮಾಹಿತಿಯೂ ಹೋಗುತ್ತದೆ.

ಹಂತ 6: ಹಾಕುವ ಕ್ರಮ

ಚಿಪ್‌ಸೆಟ್ (ಮದರ್‌ಬೋರ್ಡ್‌ನ ಮುಖ್ಯ ಚಿಪ್‌ಗಳು) ಡ್ರೈವರ್ ಮೊದಲು, ರೀಸ್ಟಾರ್ಟ್, ಆಮೇಲೆ ಲ್ಯಾನ್. ಡಿವೈಸ್ ಮ್ಯಾನೇಜರ್‌ನಲ್ಲಿ ಎಸ್‌ಎಂ ಬಸ್ ಕಂಟ್ರೋಲರ್ ಹಳದಿ ಗುರುತಿನಲ್ಲಿದ್ದರೆ ಚಿಪ್‌ಸೆಟ್ ಡ್ರೈವರ್ ಬಿದ್ದಿಲ್ಲ ಎಂದರ್ಥ. ಎನ್‌ವಿಡಿಯಾ ಎನ್‌ಫೋರ್ಸ್ ಬೋರ್ಡ್‌ಗಳಲ್ಲಂತೂ ಲ್ಯಾನ್ ಡ್ರೈವರ್ ಚಿಪ್‌ಸೆಟ್ ಪ್ಯಾಕೇಜಿನೊಳಗೇ ಇರುತ್ತದೆ.

1. ಬಿಚ್ಚಿದ ಫೋಲ್ಡರನ್ನು ಪೆನ್‌ಡ್ರೈವ್‌ನಿಂದ ಸಿ ಡ್ರೈವ್‌ಗೆ ಕಾಪಿ ಮಾಡಿ, ಚಿಕ್ಕ ಹೆಸರಿಡಿ. ಪೆನ್‌ಡ್ರೈವ್‌ನಿಂದಲೇ ಓಡಿಸಬೇಡಿ.
2. ಆ್ಯಂಟಿವೈರಸ್ ಇದ್ದರೆ ತಾತ್ಕಾಲಿಕವಾಗಿ ನಿಲ್ಲಿಸಿ.
3. ಸೆಟಪ್ ಇದ್ದರೆ ಅಡ್ಮಿನಿಸ್ಟ್ರೇಟರ್ ಆಗಿ ಒಮ್ಮೆ ಓಡಿಸಿ. ನಡುವೆ ಹೊಸ ಹಾರ್ಡ್‌ವೇರ್ ಸಿಕ್ಕಿದೆ ಎಂಬ ಕಿಟಕಿ ಬಂದರೆ ಕ್ಯಾನ್ಸಲ್ ಒತ್ತಿ; ಎರಡೂ ಒಟ್ಟಿಗೆ ಓಡಬಾರದು.
4. ಸೆಟಪ್ ಕಾರ್ಡ್ ಸಿಗಲಿಲ್ಲ ಎಂದರೆ ಕೈಯಿಂದ ಹಾಕಿ: ಕಾರ್ಡ್ ಮೇಲೆ ರೈಟ್ ಕ್ಲಿಕ್, ಅಪ್‌ಡೇಟ್ ಡ್ರೈವರ್, ಕಂಪ್ಯೂಟರಿನಲ್ಲಿ ಹುಡುಕು, ಪಟ್ಟಿಯಿಂದ ನಾನೇ ಆರಿಸುತ್ತೇನೆ, ನೆಟ್‌ವರ್ಕ್ ಅಡಾಪ್ಟರ್ಸ್, ಹ್ಯಾವ್ ಡಿಸ್ಕ್. ಐಎನ್‌ಎಫ್ ಫೈಲ್ ತೋರಿಸಿ.
5. ಕೇಳದಿದ್ದರೂ ರೀಸ್ಟಾರ್ಟ್ ಮಾಡಿ.

ನಾಲ್ಕನೆಯ ಸಾಲಿನಲ್ಲಿ ಕಾಂಪ್ಯಾಟಿಬಲ್ ಹಾರ್ಡ್‌ವೇರ್ ಮಾತ್ರ ತೋರಿಸು ಎಂಬ ಗುರುತನ್ನು ತೆಗೆಯಬೇಡಿ. ಅದು ಇದ್ದಾಗ ಪಟ್ಟಿ ಖಾಲಿ ಬಂದರೆ ಡ್ರೈವರ್ ತಪ್ಪು. ಗುರುತು ತೆಗೆದು ಯಾವುದೋ ಹೆಸರು ಆರಿಸಿದಾಗ, ಇದು ನಿಮ್ಮ ಹಾರ್ಡ್‌ವೇರ್‌ಗೆ ಹೊಂದುತ್ತದೆಂದು ಖಾತ್ರಿಯಿಲ್ಲ ಎಂಬ ಎಚ್ಚರಿಕೆ ಬರುತ್ತದೆ. ಅಲ್ಲಿ ಯೆಸ್ ಒತ್ತುವುದೇ ವಿಂಡೋಸ್ ಕುಸಿದು ಬರುವ ನೀಲಿ ಪರದೆಗೆ ಆಹ್ವಾನ. ಒತ್ತಿ ಸಿಕ್ಕಿಬಿದ್ದಿದ್ದರೆ ಎಫ್8 ಮೂಲಕ ಸೇಫ್ ಮೋಡ್‌ಗೆ ಹೋಗಿ ಆ ಡ್ರೈವರ್ ತೆಗೆಯಿರಿ.

ಹಂತ 7: ಎರರ್ ಕೋಡ್ ಓದುವುದು

ಪ್ರಾಪರ್ಟೀಸ್‌ನ ಜನರಲ್ ಟ್ಯಾಬ್‌ನಲ್ಲಿ ಕೋಡ್ ಇರುತ್ತದೆ.

ಕೋಡ್ 28 ಎಂದರೆ ಡ್ರೈವರ್ ಬಿದ್ದೇ ಇಲ್ಲ. ಹಂತ 4ಕ್ಕೆ ವಾಪಸ್. ಕೋಡ್ 22 ಎಂದರೆ ಡಿಸೇಬಲ್ ಆಗಿದೆ. ಕೋಡ್ 39 ಎಂದರೆ ಡ್ರೈವರ್ ಫೈಲ್ ಕಾಣೆಯಾಗಿದೆ ಅಥವಾ ಕೆಟ್ಟಿದೆ. ಹಂತ 5ರಿಂದ ಮತ್ತೆ ಮಾಡಿ. ಕೋಡ್ 12 ಎಂದರೆ ಸಂಪನ್ಮೂಲ ಸಾಲದು. ಸ್ಲಾಟ್ ಬದಲಿಸಿ, ಬಯೋಸ್‌ನಲ್ಲಿ ಬಳಸದ ಸೀರಿಯಲ್, ಪ್ಯಾರಲಲ್ ಪೋರ್ಟ್‌ಗಳನ್ನು ಆಫ್ ಮಾಡಿ, ರೀಸೆಟ್ ಕಾನ್ಫಿಗರೇಶನ್ ಡೇಟಾ ಎಂಬ ಸಾಲಿದ್ದರೆ ಒಮ್ಮೆ ಎನೇಬಲ್ ಮಾಡಿ ಸೇವ್ ಮಾಡಿ.

ಕೋಡ್ 52 ಎಂದರೆ ಸಹಿ ಪರೀಕ್ಷೆಯಲ್ಲಿ ಸೋಲು. ದಿನಾಂಕ ಸರಿಯಿದ್ದೂ ವಿಂಡೋಸ್ 7ರಲ್ಲಿ ಇದು ಬಂದರೆ ಹೆಚ್ಚಾಗಿ ಕಾರಣ ಒಂದೇ: ಡ್ರೈವರ್‌ಗೆ ಎಸ್‌ಎಚ್‌ಎ-2 ಎಂಬ ಹೊಸ ಬಗೆಯ ಸಹಿ ಇದೆ, ನಿಮ್ಮ ವಿಂಡೋಸ್‌ಗೆ ಅದನ್ನು ಓದಲು ಬರುವುದಿಲ್ಲ. ಸರ್ವಿಸ್ ಪ್ಯಾಕ್ 1ರ ಮೇಲೆ ಕೆಬಿ3033929 ಅಪ್‌ಡೇಟ್ ಹಾಕಿದರೆ ಸರಿಹೋಗುತ್ತದೆ, ಅಥವಾ ಅದೇ ಡ್ರೈವರ್‌ನ ಹಳೆಯ ಆವೃತ್ತಿ ತನ್ನಿ. ಎಫ್8 ಒತ್ತಿ ಸಹಿ ಪರೀಕ್ಷೆ ನಿಲ್ಲಿಸುವ ಆಯ್ಕೆ ಆ ಒಂದು ಬೂಟ್‌ಗೆ ಮಾತ್ರ. ಕಾರಣ ಪತ್ತೆಗೆ ಬಳಸಿ, ಪರಿಹಾರವಾಗಿ ಅಲ್ಲ.

ಕೋಡ್ 10 ಹೆಚ್ಚು ಕಾಡುವುದು. ರೆವ್ ಸಂಖ್ಯೆಗೆ ಹೊಂದುವ ಹೊಸ ಡ್ರೈವರ್ ಹಾಕಿಯೂ ಬಂದರೆ ಕಂಪ್ಯೂಟರನ್ನು ಆಫ್ ಮಾಡಿ, ವಿದ್ಯುತ್ ತಂತಿ ಮತ್ತು ನೆಟ್‌ವರ್ಕ್ ಕೇಬಲ್ ಎರಡನ್ನೂ ಕಿತ್ತು, ಲ್ಯಾಪ್‌ಟಾಪ್ ಆದರೆ ಬ್ಯಾಟರಿಯನ್ನೂ ತೆಗೆದು, ಎರಡು ನಿಮಿಷ ಬಿಡಿ. ವೇಕ್ ಆನ್ ಲ್ಯಾನ್ (ನೆಟ್‌ವರ್ಕ್ ಮೂಲಕ ಕಂಪ್ಯೂಟರ್ ಆನ್ ಮಾಡುವ) ಸೌಲಭ್ಯಕ್ಕಾಗಿ ಸ್ಟ್ಯಾಂಡ್‌ಬೈ ವಿದ್ಯುತ್ತಿನಲ್ಲಿ ಎಚ್ಚರವಿರುವ ಚಿಪ್ ಕೆಲವೊಮ್ಮೆ ನಿದ್ದೆ-ಎಚ್ಚರಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಬರೀ ರೀಸ್ಟಾರ್ಟ್‌ನಿಂದ ಅದು ಬಿಡಿಸಿಕೊಳ್ಳುವುದಿಲ್ಲ. ಆಗಲೂ ಹೋಗದಿದ್ದರೆ ಸ್ಲಾಟ್ ಬದಲಿಸಿ.

ಕಾರಣ ತಿಳಿಯದಾದಾಗ ಲಾಗ್ ಓದಿ. ಎಕ್ಸ್‌ಪಿಯಲ್ಲಿ ವಿಂಡೋಸ್ ಫೋಲ್ಡರ್‌ನ ಸೆಟಪ್‌ಎಪಿಐ ಲಾಗ್, ವಿಂಡೋಸ್ 7ರಲ್ಲಿ ಐಎನ್‌ಎಫ್ ಫೋಲ್ಡರ್‌ನ ಸೆಟಪ್‌ಎಪಿಐ ಡೆವ್ ಲಾಗ್. ಕೊನೆಯಿಂದ ಮೇಲಕ್ಕೆ ಬನ್ನಿ. ವಿಂಡೋಸ್ 7ರ ಲಾಗ್‌ನಲ್ಲಿ ಮೂರು ಆಶ್ಚರ್ಯ ಚಿಹ್ನೆಗಳಿಂದ ಶುರುವಾಗುವ ಸಾಲು ತಪ್ಪನ್ನೂ ಒಂದೇ ಚಿಹ್ನೆಯದ್ದು ಬರೀ ಎಚ್ಚರಿಕೆಯನ್ನೂ ಸೂಚಿಸುತ್ತದೆ.

ಹಂತ 8: ಡ್ರೈವರ್ ಸರಿಯಿದೆ, ನೆಟ್ ಇಲ್ಲ

ಕಮಾಂಡ್ ಪ್ರಾಂಪ್ಟ್‌ನಲ್ಲಿ ಐಪಿಕಾನ್ಫಿಗ್ ಕೊಟ್ಟು ನೋಡಿ. ವಿಳಾಸ 169.254 ಎಂದು ಶುರುವಾದರೆ ಡ್ರೈವರ್ ಕೆಲಸ ಮಾಡುತ್ತಿದೆ, ರೌಟರ್‌ನಿಂದ ವಿಳಾಸ ಸಿಕ್ಕಿಲ್ಲ. ಕೇಬಲ್ ಬದಲಿಸಿ, ರೌಟರ್‌ನ ಬೇರೆ ಪೋರ್ಟಿಗೆ ಹಾಕಿ. ಮೀಡಿಯಾ ಡಿಸ್‌ಕನೆಕ್ಟೆಡ್ ಎಂದರೆ ಕೇಬಲ್ ಅಥವಾ ವೇಗದ ಹೊಂದಾಣಿಕೆಯ ತೊಂದರೆ. 100 ಮೆಗಾಬಿಟ್‌ಗೆ 1, 2, 3, 6ನೇ ಪಿನ್‌ಗಳು ಸಾಕು, ಗಿಗಾಬಿಟ್‌ಗೆ ಎಂಟೂ ಬೇಕು. ಹಾಗಾಗಿ ಉಳಿದ ನಾಲ್ಕರಲ್ಲಿ ಒಂದು ಎಳೆ ತುಂಡಾದ ಕೇಬಲ್ ಹಳೆಯ ಕಾರ್ಡಿನಲ್ಲಿ ನಡೆದು ಗಿಗಾಬಿಟ್ ಕಾರ್ಡಿನಲ್ಲಿ ತಡವರಿಸುತ್ತದೆ. ಅಡ್ವಾನ್ಸ್ಡ್ ಟ್ಯಾಬ್‌ನಲ್ಲಿ ಸ್ಪೀಡ್ ಅಂಡ್ ಡ್ಯೂಪ್ಲೆಕ್ಸ್ ಆಟೋದಲ್ಲಿರಲಿ. ಪತ್ತೆಗೆಂದು 100 ಫುಲ್ ಡ್ಯೂಪ್ಲೆಕ್ಸ್ ಇಟ್ಟು ನೋಡಿದರೆ, ನೋಡಿದ ಮೇಲೆ ಮತ್ತೆ ಆಟೋಗೆ ತನ್ನಿ.

ಹಳೆಯ ಆ್ಯಂಟಿವೈರಸ್ ಅಥವಾ ವಿಪಿಎನ್ ತೆಗೆದ ನಂತರ ನೆಟ್ ನಿಂತಿದ್ದರೆ, ಕನೆಕ್ಷನ್ ಪ್ರಾಪರ್ಟೀಸ್‌ನಲ್ಲಿ ಅವುಗಳ ಹೆಸರಿನ ಫಿಲ್ಟರ್ ಉಳಿದಿದೆಯೇ ನೋಡಿ, ಗುರುತು ತೆಗೆಯಿರಿ.

ಹಂತ 9: ಕಾರ್ಡ್ ಬದಲಿಸುವ ಮುನ್ನ

ಲಿನಕ್ಸ್ ಲೈವ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ. ಅಲ್ಲಿ ನೆಟ್ ಬಂದರೆ ಕಾರ್ಡ್, ಸ್ಲಾಟ್, ಕೇಬಲ್ ಎಲ್ಲ ಸರಿ. ತಪ್ಪು ವಿಂಡೋಸ್ ಕಡೆಯದ್ದು. ಟರ್ಮಿನಲ್‌ನಲ್ಲಿ ಎಲ್‌ಎಸ್‌ಪಿಸಿಐ ಆದೇಶ ಕಾರ್ಡನ್ನು ತೋರಿಸದಿದ್ದರೆ, ಬಯೋಸ್‌ನಲ್ಲೂ ಎನೇಬಲ್ ಆಗಿದ್ದರೆ, ಕಾರ್ಡ್ ಸತ್ತಿದೆ. ಪಟ್ಟಿಯಲ್ಲಿದ್ದೂ ಲಿಂಕ್ ಬರದಿದ್ದರೆ ಒಮ್ಮೆ ವಿದ್ಯುತ್ ತಂತಿ ಕಿತ್ತು ಮತ್ತೆ ನೋಡಿ, ಏಕೆಂದರೆ ವಿಂಡೋಸ್ ಡ್ರೈವರ್ ಮಲಗಿಸಿಹೋದ ಚಿಪ್ ಲಿನಕ್ಸ್‌ನಲ್ಲೂ ಏಳದೆ ಇರಬಹುದು.

ಬೇರೆ ಕಾರ್ಡ್ ತರುವುದಾದರೆ ಸ್ಲಾಟ್ ಯಾವುದೆಂದು ಮೊದಲು ನೋಡಿ. ಪಿಸಿಐ ಕಾರ್ಡ್ ಪಿಸಿಐ ಎಕ್ಸ್‌ಪ್ರೆಸ್‌ನಲ್ಲಿ ಕೂರುವುದಿಲ್ಲ. ಆದರೆ ಎಕ್ಸ್‌1 ಎಕ್ಸ್‌ಪ್ರೆಸ್ ಕಾರ್ಡ್ ಅದಕ್ಕಿಂತ ಉದ್ದದ ಎಕ್ಸ್‌ಪ್ರೆಸ್ ಸ್ಲಾಟ್‌ನಲ್ಲೂ ಕೂರುತ್ತದೆ. ಕೊಳ್ಳುವ ಮುನ್ನ ಚಿಪ್ ಹೆಸರು ಕೇಳಿ, ಆ ಚಿಪ್‌ಗೆ ನಿಮ್ಮ ವಿಂಡೋಸ್‌ನ ಡ್ರೈವರ್ ಇದೆಯೇ ಎಂದು ಖಚಿತಪಡಿಸಿಕೊಳ್ಳಿ. ಹೊಸದನ್ನು ಸಿಕ್ಕಿಸಿದ ಮೇಲೆ ಬಯೋಸ್‌ನಲ್ಲಿ ಕೆಟ್ಟ ಆನ್‌ಬೋರ್ಡ್ ಲ್ಯಾನ್ ಡಿಸೇಬಲ್ ಮಾಡಿ. ನಂತರ ಹೊಸ ಕಾರ್ಡಿಗೆ ಹಂತ 3ರಿಂದ ಶುರು ಮಾಡಿ, ಕೆಲಸ ಮಾಡಿದ ಡ್ರೈವರ್ ಫೋಲ್ಡರನ್ನು ವೆನ್ ಮತ್ತು ಡೆವ್ ಸಂಖ್ಯೆಯ ಹೆಸರಿನಲ್ಲೇ ಡಿ ಡ್ರೈವ್‌ನಲ್ಲೂ ಪೆನ್‌ಡ್ರೈವ್‌ನಲ್ಲೂ ಉಳಿಸಿ.